ಗಿರಿಜೆಯ ಅಪಾಯದ ಅಭ್ಯಾಸ

ಮನೆಗೆ ಬೀಗ ಹಾಕಿದ ಮೇಲೆ ಅದನ್ನೊಮ್ಮೆ ಜಗ್ಗಿ ನೋಡದೆ ಹೋಗುವವರು ಈ ಲೋಕದಲ್ಲಿ ಇದ್ದಾರೆಂದು ನಾನು ನಂಬುವುದಿಲ್ಲ; ಇದ್ದರೆ ಅವರು ಸಂತರಿರಬೇಕು, ಇಲ್ಲವೇ ಅವರ ಮನೆಯಲ್ಲಿ ಕದಿಯುವಂಥದ್ದೇನೂ ಇರಲಿಕ್ಕಿಲ್ಲ. ನಾನಾದರೋ ಈ ವಿದ್ಯೆಯಲ್ಲಿ ಸ್ನಾತಕೋತ್ತರ ಮಟ್ಟ ಮುಟ್ಟಿದವನು. ಬೀಗವನ್ನು ಜಗ್ಗಿ ನೋಡಿ, ಮೆಟ್ಟಿಲಿಳಿದು, ಓಣಿಯ ತಿರುವಿನವರೆಗೆ ಹೋಗಿ, ಅಲ್ಲಿ ‘ಜಗ್ಗಿದೆನೋ ಇಲ್ಲವೋ’ ಎಂಬ ಸಂಶಯ ಅಂಕುರಿಸಿ, ಮರಳಿ ಬಂದು ಇನ್ನೊಮ್ಮೆ ಜಗ್ಗಿ ನೋಡುತ್ತೇನೆ. ಹುನಗುಂದದ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ನಾನು ಇಳಕಲ್ಲಿನಿಂದ ದಿನವೂ ಹೋಗಿ ಬರುವವನು. ನನ್ನ ಬಸ್ಸಿಗಿಂತ ಮುಂಚಿನ ಬಸ್ಸು ಬರುವುದಕ್ಕೂ ಮುಂಚೆಯೇ ನಿಲ್ದಾಣದಲ್ಲಿ ಹಾಜರಿರುವುದರಿಂದ, ನಾನು ಅಲ್ಲಿಯೇ ಕೆಲಸಕ್ಕಿದ್ದೇನೆಂದು ತಿಳಿದು ವಿಜಯಪುರದ ಬಸ್ಸು ಎಷ್ಟು ಹೊತ್ತಿಗೆಂದು ಕೇಳುವವರೂ ಉಂಟು. ಯಾವ ಕಾಗದಕ್ಕೂ ಕೊನೆಯ ಸಾಲಿನ ಕೊನೆಯ ಅಕ್ಷರ ಓದದೆ ಸಹಿ ಹಾಕಿದವನಲ್ಲ. ಗ್ಯಾಸ್ ಸಿಲಿಂಡರು ಬಂದಾಗ ಅದರ ರಸೀದಿಯ ಹಿಂಬದಿಯಲ್ಲಿ ಇರುವೆಗಾತ್ರದ ಅಕ್ಷರಗಳಲ್ಲಿ ಅಚ್ಚಾಗಿರುವ ಸೂಚನೆಗಳನ್ನೆಲ್ಲ ನಾನು ಓದಿ ಮುಗಿಸುವವರೆಗೆ ಸಿಲಿಂಡರು ತಂದವನು ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಹೋಗುತ್ತಾನೆ.

ಇಂಥವನೊಂದಿಗೆ ಮೂವತ್ತು ವರ್ಷ ಸಂಸಾರ ಮಾಡಿದ ನನ್ನ ಹೆಂಡತಿ ಗಿರಿಜೆ, ಐವತ್ತರ ಹೊಸ್ತಿಲಲ್ಲಿ ನಿಂತು, ತಾನು ಬಿ.ಕಾಂ. ಮುಗಿಸುತ್ತೇನೆಂದಳು. ಮದುವೆಯ ಕಾಲಕ್ಕೆ ಆಕೆ ಎರಡು ವರ್ಷ ಪಾಸಾಗಿದ್ದಳು; ಮೂರನೆಯ ವರ್ಷವನ್ನು ಮೊದಲು ನಮ್ಮ ಮಗಳು ಸಹನಾಳ ಬಾಲ್ಯ, ಆಮೇಲೆ ನನ್ನ ತಾಯಿಯ ಕಾಯಿಲೆ, ಆಮೇಲೆ ಯಾವ ಹೆಸರೂ ಇಲ್ಲದ ಮನೆಗೆಲಸ ಹೀಗೆ ಒಂದೊಂದಾಗಿ ನುಂಗಿದ್ದವು. ಸಹನಾಳನ್ನು ಬಾದಾಮಿಗೆ ಕೊಟ್ಟ ಮೇಲೆ ಮನೆಯಲ್ಲಿ ಹೊತ್ತು ಉಳಿಯತೊಡಗಿತು. ದೂರಶಿಕ್ಷಣಕ್ಕೆ ಹೆಸರು ಹಚ್ಚಿದಳು. ರವಿವಾರಕ್ಕೊಮ್ಮೆ ಬಾಗಲಕೋಟೆಯಲ್ಲಿ ತರಗತಿ. ಕೊನೆಯ ವರ್ಷದಲ್ಲಿ ಐಚ್ಛಿಕ ವಿಷಯಗಳ ಪೈಕಿ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಾಗ, ಜಾಣರೆಲ್ಲ ತೆರಿಗೆಯ ಕಡೆಗೂ ಗಣಕಯಂತ್ರದ ಕಡೆಗೂ ನುಗ್ಗುತ್ತಿರುವಾಗ, ಈಕೆ ರಿಸ್ಕ್ ಮ್ಯಾನೇಜ್‌ಮೆಂಟನ್ನು ಆರಿಸಿಕೊಂಡು ಬಂದಳು. ಯಾಕೆಂದು ಕೇಳಿದೆ. ಆಕೆ ನನ್ನನ್ನು ನಖಶಿಖಾಂತ ನೋಡಿ, “ಮೂವತ್ತು ವರ್ಷ ಪ್ರಾಕ್ಟಿಕಲ್ ಆಗೈತ್ರಿ. ಥಿಯರಿ ಅಷ್ಟ ಉಳದೈತಿ” ಎಂದಳು.

ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದಿತ್ತು, ಆದರೆ ಪುಸ್ತಕ ಇಂಗ್ಲಿಷಿನದು. ಹೀಗಾಗಿ ಪ್ರತಿ ಸಂಜೆ ಊಟದ ಮೇಜಿನ ಮೇಲೆ ಶೇಂಗಾ ಸುಲಿಯುತ್ತ ಅದನ್ನು ಕನ್ನಡಿಸುವ ಹೊಣೆ ನನ್ನ ಹೆಗಲಿಗೆ ಬಿತ್ತು. ನಾನು ಪಂಡಿತನಲ್ಲವೇ, ಮೊದಲ ಶಬ್ದದಲ್ಲಿಯೇ ಎಡವಿ ಬಿದ್ದೆ. ಅಪಾಯ ಎನ್ನೋಣವೆಂದರೆ ಅದು ಕರೆಂಟಿನ ಕಂಬಕ್ಕೆ ಕಟ್ಟಿದ ತಲೆಬುರುಡೆಯ ಫಲಕದ ಸ್ವತ್ತು. ಗಂಡಾಂತರ ಜ್ಯೋತಿಷಿಗಳ ಪಾಲಿನದು. ಸಂಭಾವ್ಯಾನಿಷ್ಟ ಎಂದು ಒಂದು ಸಮಾಸವನ್ನು ಕಟ್ಟಿ ಕೊಟ್ಟೆ; ಅದನ್ನು ಎರಡು ಸಲ ಬಾಯಲ್ಲಿ ಹೊರಳಾಡಿಸಿದ ಗಿರಿಜೆ ಪಕ್ಕಕ್ಕೆ ಇಟ್ಟುಬಿಟ್ಟಳು. “ಸಾಲಿಗೆ ಹೋಗುಮುಂದ ನಮ್ಮವ್ವ ಜ್ವಾಕಿ ಅಂತಿದ್ದಳಲ್ರಿ, ಅಷ್ಟರಾಗ ಎಲ್ಲಾ ಬಂತು” ಎಂದಳು. ಕೊನೆಗೆ ಉಕಾರ ಹಚ್ಚಿ ‘ರಿಸ್ಕು’ ಎಂದೇ ಇಟ್ಟುಕೊಂಡೆವು.

ಪುಸ್ತಕದ ಪ್ರಕಾರ ಬರಲಿರುವ ಕೆಡುಕನ್ನು ಎದುರಿಸಲು ನಾಲ್ಕು ದಾರಿಗಳು. ಒಂದು, ಅದು ಇರುವ ಕಡೆಗೆ ಹೋಗದೆ ತಪ್ಪಿಸಿಕೊಳ್ಳುವುದು. ಎರಡು, ಮುಂಜಾಗ್ರತೆಯಿಂದ ಅದನ್ನು ತಗ್ಗಿಸುವುದು. ಮೂರು, ವಿಮೆ ಮುಂತಾದವುಗಳ ಮೂಲಕ ಬೇರೊಬ್ಬರ ಮೇಲೆ ದಾಟಿಸುವುದು. ನಾಲ್ಕು, ಇನ್ನು ಬೇರೆ ಉಪಾಯವಿಲ್ಲವೆಂದಾಗ ಅದನ್ನು ಒಪ್ಪಿಕೊಂಡು ಹೊರುವುದು. ಗಿರಿಜೆ ಈ ನಾಲ್ಕು ಗೂಟಗಳಿಗೆ ನಮ್ಮ ಸಂಸಾರವನ್ನೆಲ್ಲ ತಂದು ಕಟ್ಟತೊಡಗಿದಳು. ಈಜು ಬಾರದೆಂದು ಕೂಡಲಸಂಗಮಕ್ಕೆ ಹೋದಾಗಲೆಲ್ಲ ದಡದಲ್ಲೇ ನಿಂತು ತಲೆಗೆ ನೀರು ಚಿಮುಕಿಸಿಕೊಳ್ಳುವ ನಾನು ಮೊದಲನೆಯ ಗೂಟಕ್ಕೆ ಹೋದೆ. ಎಂದಾದರೂ ಅನಿರೀಕ್ಷಿತ ಅತಿಥಿಗಳು ಬಂದಾರೆಂದು ಆಕೆ ಒಣಗಿಸಿ ಪೇರಿಸಿಟ್ಟ ಕಟಕ ರೊಟ್ಟಿಯ ಅಟ್ಟಿ ಎರಡನೆಯದಕ್ಕೆ. ಪಕ್ಕದ ಮನೆಯಲ್ಲಿ ಕೈಮಗ್ಗ ನಡೆಸುವ ನನ್ನ ತಮ್ಮ ಮಗ್ಗದ ಮೇಲೆ ತೂಗಿಬಿಟ್ಟ ನಿಂಬೆಹಣ್ಣು ಮೆಣಸಿನಕಾಯಿ ಮೂರನೆಯದಕ್ಕೆ. ಅಲ್ಲಿ ಹೊಣೆ ದೇವರಿಗೆ ದಾಟಿತ್ತು. ನಾಲ್ಕನೆಯ ಗೂಟ ಮಾತ್ರ ಬಹಳ ದಿನ ಬರಿದಾಗಿಯೇ ಇತ್ತು. ಅದಕ್ಕೆ ಕಟ್ಟುವಂಥದ್ದು ಏನೂ ಸಿಗಲಿಲ್ಲವೆಂದಲ್ಲ; ಆ ಅಧ್ಯಾಯ ಬಂದಾಗಲೆಲ್ಲ ನಾನೇ ಏನೋ ನೆಪ ಹೇಳಿ ಪುಸ್ತಕ ಮುಚ್ಚುತ್ತಿದ್ದೆ. ಕೆಡುಕನ್ನು ಒಪ್ಪಿಕೊಳ್ಳುವುದು ಒಂದು ಉಪಾಯ ಹೇಗಾದೀತು? ಅದು ಸೋಲಿಗೆ ಇಟ್ಟ ಶಾಸ್ತ್ರೋಕ್ತ ಹೆಸರೆಂದು ನನ್ನ ಭಾವನೆಯಾಗಿತ್ತು.

ಬಾಗಲಕೋಟೆಯ ರವಿವಾರದ ತರಗತಿಯಲ್ಲಿ ಗಿರಿಜೆಯೇ ಹಿರಿಯಳು. ಪಾಠ ಹೇಳುವ ಮೇಡಂ ನಮ್ಮ ಸಹನಾಳಿಗಿಂತ ಒಂದೆರಡು ವರ್ಷ ದೊಡ್ಡವಳಿದ್ದಾಳು. ಆ ಹುಡುಗಿಗೆ ಗಿರಿಜೆಯನ್ನು ಹೆಸರು ಹಿಡಿದು ಕರೆಯಲು ಸಂಕೋಚ, ಅಕ್ಕಾರ ಎನ್ನಲು ಹುದ್ದೆಯ ಅಡ್ಡಿ. ಹೀಗಾಗಿ ಹಾಜರಿ ಕೂಗುವಾಗ ಈಕೆಯ ಸರದಿ ಬಂದಾಗ ಸುಮ್ಮನೆ ಮುಖವೆತ್ತಿ ಮುಗುಳ್ನಗುತ್ತಿದ್ದಳಂತೆ. ಒಂದು ವಾರ ಆಕೆ ಪ್ರತಿಯೊಬ್ಬರೂ ತಮ್ಮ ಮನೆಯದೇ ಒಂದು ರಿಸ್ಕನ್ನು ಆರಿಸಿ, ಅದನ್ನು ಹೇಗೆ ನಿಭಾಯಿಸುವಿರೆಂದು ಎಲ್ಲರ ಮುಂದೆ ಹೇಳಬೇಕೆಂದು ಕೆಲಸ ಹಚ್ಚಿದಳು. ಬಾದಾಮಿ ಕಡೆಯ, ಬೀರಪ್ಪನ ಒಕ್ಕಲಿನ ಹುಡುಗಿಯೊಬ್ಬಳು ತಮ್ಮ ಕುರಿಹಿಂಡನ್ನು ಮೇಯಲು ಒಯ್ಯುವಾಗ ಕಾಕನ ಜೊತೆ ಅರ್ಧ, ಅಪ್ಪನ ಜೊತೆ ಅರ್ಧ ಕಳಿಸುತ್ತಾರೆ, ಒಂದಕ್ಕೆ ಬೇನೆ ಬಂದರೆ ಇನ್ನೊಂದು ಉಳಿಯುತ್ತದೆ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದಳು. ಆಮೇಲೆ ಗಿರಿಜೆ ಎದ್ದು ನಿಂತು, “ನನ್ನ ಮಗಳ ಚೊಚ್ಚಲ ಹೆರಿಗಿ” ಎಂದಳು.

ವಿಷಯ ಹೀಗಿತ್ತು. ಸಹನಾ ಬಸುರಿಯಾದಾಗಿನಿಂದ ಆಕೆಯನ್ನು ನೋಡುತ್ತಿದ್ದ ವೈದ್ಯೆ ಬಾಗಲಕೋಟೆಯವರು. ಆರನೆಯ ತಿಂಗಳಲ್ಲಿ ರಕ್ತದೊತ್ತಡ ಏರತೊಡಗಿದ್ದನ್ನು ಕಂಡು ಅವರು, ಇನ್ನು ಮೇಲೆ ದೂರದ ಪ್ರಯಾಣ ಬೇಡ, ಕೊನೆಯ ದಿನಗಳಲ್ಲಿ ತಮ್ಮ ಆಸ್ಪತ್ರೆಯ ಹತ್ತಿರದಲ್ಲೇ ಇರಬೇಕು, ಯಾವ ಹೊತ್ತಿನಲ್ಲಿ ಏನು ಬೇಕಾದೀತೋ ಹೇಳಲಾಗದು ಎಂದರು. ಇತ್ತ ನಮ್ಮ ಕಡೆಯ ಪದ್ಧತಿಯೆಂದರೆ ಮೊದಲ ಹೆರಿಗೆ ತವರಿನಲ್ಲಿಯೇ ಆಗಬೇಕು. ಏಳನೆಯ ತಿಂಗಳಲ್ಲಿ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಮಗಳನ್ನು ತಾಯಿ ಕರೆದೊಯ್ಯಬೇಕು. ನಮ್ಮ ಬೀಗತಿ, ಅಂದರೆ ಸಹನಾಳ ಅತ್ತೆ, ಒಳ್ಳೆಯ ಹೆಂಗಸು. ಅವರು ಫೋನಿನಲ್ಲಿ ನನಗೆ, “ನಾವು ಇಟ್ಕೋಬಾರದಂತಲ್ರಿ ಬೀಗರ. ಬಾದಾಮ್ಯಾಗ ಇದ್ರೂ ದವಾಖಾನಿ ದೂರನ ಆತು. ಮ್ಯಾಲ ಚೊಚ್ಚಲ ಹೆರಿಗಿ, ಹೆಣ್ಮಗಳ ಜೀವ ತವರಿಗೆ ಎಳೀತಿರತೈತಿ. ಅಕಿ ಬಾಯಿ ಬಿಟ್ಟು ಹೇಳೂದಿಲ್ಲ, ಖರೆ ನನಗ ತಿಳೀತೈತಿ” ಎಂದರು. ಅವರಿಗೆ ತಿಳಿದದ್ದು ನಿಜ. ಆ ಸಂಜೆ ಸಹನಾ ತಾನೇ ಫೋನು ಮಾಡಿದಳು. ಮೊದಲು ಹವೆಯ ಬಗ್ಗೆ, ಬದನೆಕಾಯಿಯ ಬಗ್ಗೆ ಮಾತಾಡಿದಳು. ಆಮೇಲೆ ಧ್ವನಿ ಸಣ್ಣದಾಗಿ, “ಅವ್ವಾ, ನಾ ನಮ್ಮನಿಗೆ ಬರ್ತೇನಿ” ಎಂದಳು. ಅಷ್ಟೇ. ಗಿರಿಜೆ ಫೋನಿಟ್ಟು ಅಡುಗೆಮನೆಗೆ ಹೋಗಿ, ಸುಮ್ಮನೆ ಒಲೆಯ ಕಟ್ಟೆಯನ್ನು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

ನಾನು ಈ ಸಂದರ್ಭದಲ್ಲಿ ಮಾಡಿದ ಸಹಾಯವನ್ನು ನೆನೆದರೆ ನನಗೇ ನಗು ಬರುತ್ತದೆ. ಆಗಬಹುದಾದ ಕೆಡುಕುಗಳನ್ನೆಲ್ಲ ಕಲ್ಪಿಸಿಕೊಳ್ಳುವುದರಲ್ಲಿ ನನ್ನ ಪ್ರತಿಭೆ ನವನವೋನ್ಮೇಷಶಾಲಿ. ಬಾದಾಮಿಯಿಂದ ಇಳಕಲ್ಲಿನ ತನಕ ರಸ್ತೆಯ ಉಬ್ಬುಗಳು, ದಾರಿಯಲ್ಲಿ ಅಡ್ಡ ಬರುವ ಕಬ್ಬಿನ ಟ್ರ್ಯಾಕ್ಟರುಗಳು, ಟೈರು, ಬಿಸಿಲು, ಎಲ್ಲವನ್ನೂ ಗಿರಿಜೆಯ ಮುಂದೆ ವರ್ಣಿಸಿದೆ. ಬಾದಾಮಿಯಲ್ಲೇ ಇರಿಸಿದರೆ ಆಗುವ ಕಷ್ಟಗಳನ್ನೂ ಅಷ್ಟೇ ವಿಸ್ತಾರವಾಗಿ ವರ್ಣಿಸಿದೆ. ಕೊನೆಗೆ, ಒಂದು ಆಂಬುಲೆನ್ಸಿನಲ್ಲಿ ವೈದ್ಯೆಯನ್ನೂ ಕೂರಿಸಿಕೊಂಡು ಮಗಳನ್ನು ಇಳಕಲ್ಲಿಗೆ ಕರೆತಂದು, ವೈದ್ಯೆಯನ್ನು ಹೆರಿಗೆಯಾಗುವವರೆಗೆ ನಮ್ಮ ಮನೆಯಲ್ಲೇ ಇರಿಸಿಕೊಂಡರೆ ಹೇಗೆ ಎಂದು ಕೇಳಿದೆ. ಗಿರಿಜೆ ಪುಸ್ತಕದ ನಡುವೆ ಬೆರಳಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. ಕೊತ್ತಂಬರಿ ತರಲು ಹೇಳುವಷ್ಟೇ ಸಹಜವಾಗಿ ನುಡಿದಳು: “ಮಗಳು ತವರಿಗೆ ಬರಾಕ ಆಗೂದಿಲ್ಲಂದ್ರ, ತವರ ಹೋಗ್ಲಿ ಅಕಿ ಕಡೆ.”

ಬಾಗಲಕೋಟೆಯ ನವನಗರದಲ್ಲಿ, ಆಸ್ಪತ್ರೆಯಿಂದ ಕೂಗಳತೆಯ ದೂರದಲ್ಲಿ, ಒಂದು ಮನೆಯ ಹಿಂಬದಿಯ ಎರಡು ಕೋಣೆ ಬಾಡಿಗೆಗೆ ಸಿಕ್ಕವು. ಮಾಲೀಕಿ ಗಂಗಕ್ಕ ಎಂಬ ಮುದುಕಿ, ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಓಣಿಯಿಂದ ಎದ್ದು ಬಂದವಳು. ಇಲ್ಲಿ ಬಾಣಂತನ ಮಾಡಬಹುದೇ, ಬಾಡಿಗೆಯ ಕೋಣೆಯನ್ನು ತವರು ಎನ್ನುವುದು ಶಾಸ್ತ್ರಕ್ಕೆ ಒಪ್ಪಿತವೇ ಎಂದು ನಾನು ತೊದಲುತ್ತ ಕೇಳಿದಾಗ ಆಕೆ ನನ್ನನ್ನು ಕನಿಕರದಿಂದ ನೋಡಿದಳು. “ನಮ್ಮ ಊರಿಗೂರ ಎದ್ದು ಬಂದು ಇಲ್ಲಿ ಕುಂತೈತ್ರಿ ಸರ. ದೇವರೂ ಬಂದಾವ. ನಿಮ್ಮ ತವರ ಬರಾಕ ಏನ ಧಾಡಿ?” ಎಂದು ಬೀಗದ ಕೈಯನ್ನು ಗಿರಿಜೆಯ ಅಂಗೈಯಲ್ಲಿಟ್ಟಳು. ಊರು ಬಿಟ್ಟು ಬಂದ ದುಃಖವನ್ನು ಆಕೆ ಅದೆಷ್ಟು ಅತ್ತು ಮುಗಿಸಿದ್ದಳೋ ನನಗೆ ಗೊತ್ತಿಲ್ಲ. ಆ ಮಾತಿನಲ್ಲಿ ಮಾತ್ರ ಒಂದು ಬಗೆಯ ಗತ್ತಿತ್ತು.

ತವರೆಂದರೆ ಏನು ಎಂಬ ಪ್ರಶ್ನೆಯನ್ನು ನನಗೆ ಕೊಟ್ಟಿದ್ದರೆ ಒಂದು ಸೊಗಸಾದ ಉಪನ್ಯಾಸ ಸಿದ್ಧವಾಗುತ್ತಿತ್ತು. ಗಿರಿಜೆ ಅದನ್ನು ಟೆಂಪೋದಲ್ಲಿ ಹೇರಿದಳು. ಸಹನಾ ಮಲಗಿದ ತೊಟ್ಟಿಲು, ರೊಟ್ಟಿಯ ಹಂಚು, ನೀರು ಕಾಸುವ ತಾಮ್ರದ ಹಂಡೆ, ಬಾಣಂತಿಗೆ ಬೇಕಾಗುವ ಅಂಟಿನುಂಡಿ, ಅಳವಿ, ಒಣಕೊಬ್ಬರಿ, ಹೊಗೆ ಹಾಕಲು ಲೋಬಾನ, ಹಳೆಯ ಮೆತ್ತನೆಯ ಸೀರೆಗಳಿಂದ ಹೊಲಿದ ಕೌದಿಗಳು, ಇವೆಲ್ಲದರ ನಡುವೆ ಆಕೆಯ ಪಠ್ಯಪುಸ್ತಕಗಳು. ಆಗಷ್ಟೇ ತಿಳಿದ ಇನ್ನೊಂದು ಸಂಗತಿಯೆಂದರೆ, ಪರೀಕ್ಷೆಯ ದಿನಗಳೂ ಹೆರಿಗೆಯ ದಿನಗಳೂ ಒಂದರ ಬಗಲಿಗೊಂದು ಬಂದು ಕೂತಿದ್ದವು, ಪರೀಕ್ಷಾಕೇಂದ್ರವೂ ಬಾಗಲಕೋಟೆಯೇ. ನಾನು ರಜೆ ಹಾಕಿದೆ. ಇಳಕಲ್ಲಿನ ಮನೆಗೆ ಬೀಗ ಹಾಕಿದ ಮೇಲೆ ಎಷ್ಟು ಸಲ ಜಗ್ಗಿ ನೋಡಿದೆನೆಂಬುದನ್ನು ಟೆಂಪೋದವನು ಬೇಕಾದರೆ ಹೇಳಿಯಾನು.

ಬಾದಾಮಿಯಲ್ಲಿ ಕುಬಸವಾಯಿತು. ನನ್ನ ತಮ್ಮ ತಾನೇ ನೇಯ್ದ ಹಸಿರು ಸೀರೆ ತಂದಿದ್ದ. ನಮ್ಮ ಮಗ್ಗಗಳಲ್ಲಿ ಸೀರೆಯ ಮೈಯ ಎಳೆಗಳೇ ಬೇರೆ, ಸೆರಗಿನ ಕೆಂಪು ಎಳೆಗಳೇ ಬೇರೆ; ಒಂದೊಂದು ಎಳೆಗೂ ಕೊಂಡಿ ಹಾಕಿ ಎರಡನ್ನೂ ಕೂಡಿಸಬೇಕು. ಬೀಗತಿ ಆ ಕೊಂಡಿಗಳ ಸಾಲಿನ ಮೇಲೆ ಬೆರಳಾಡಿಸಿ ನೋಡಿ, ಮೆಚ್ಚಿ, ಸೊಸೆಯ ಉಡಿ ತುಂಬಿ, ಕಾರಿನ ಬಾಗಿಲವರೆಗೆ ಬಂದು, “ಹೋಗಿ ಬಾರವ್ವಾ” ಎಂದು ಹೇಳುವಾಗ ಸೆರಗಿನಿಂದ ಕಣ್ಣೊತ್ತಿಕೊಂಡರು. ಬಾಗಿಲಲ್ಲಿ ನಿಂತು ಮಗಳನ್ನು ಬರಮಾಡಿಕೊಳ್ಳಬೇಕೆಂದು ಗಿರಿಜೆ ಅದಾಗಲೇ ನಸುಕಿನಲ್ಲಿಯೇ ನವನಗರಕ್ಕೆ ಹೋಗಿದ್ದಳು. ನಾವು ತಲುಪಿದಾಗ ಬಾಡಿಗೆಯ ಕೋಣೆಯ ಹೊಸ್ತಿಲಿಗೆ ಅರಿಸಿನ ಮೆತ್ತಿತ್ತು, ರಂಗೋಲಿಯಿತ್ತು, ಒಳಗೆ ಆರತಿ ಹಿಡಿದು ಗಿರಿಜೆ ನಿಂತಿದ್ದಳು, ಆಕೆಯ ಹಿಂದೆ ಗಂಗಕ್ಕ. ಸಹನಾ ಹೊಸ್ತಿಲ ಮೇಲೆ ಒಂದು ಕಾಲಿಟ್ಟು ತಡೆದಳು. ಮೂಗರಳಿಸಿದಳು. ಒಳಗಿನಿಂದ ಲೋಬಾನದ್ದೂ ಶೇಂಗಾ ಹುರಿದದ್ದೂ ಕೂಡಿದ ವಾಸನೆ ಬರುತ್ತಿತ್ತು. “ಅವ್ವಾ, ಇದು ನಮ್ಮನಿನ ಆಗೈತಲ್ಲ!” ಎಂದವಳೇ ನಗಲು ಹೋಗಿ ಅತ್ತಳು. ನಾನು ಸಾಮಾನು ಇಳಿಸುವ ನೆಪದಲ್ಲಿ ಕಾರಿನ ಕಡೆ ತಿರುಗಿದೆ, ಸಾಮಾನೇನೂ ಇರಲಿಲ್ಲ.

ಒಂದು ಕೊರತೆ ಉಳಿಯಿತು. ಪಕ್ಕದ ಮನೆಯ ಕಾಕನ ಮಗ್ಗದ ಸಪ್ಪಳ ಕೇಳುತ್ತ ಬೆಳೆದ ಹುಡುಗಿಗೆ ಊಟದ ಮೇಲಿನ ನಿದ್ದೆ ಆ ಲಯವಿಲ್ಲದೆ ಬರುತ್ತಿರಲಿಲ್ಲ. ಗಂಡನ ಮನೆಯಲ್ಲೂ ಮಧ್ಯಾಹ್ನ ಹೊರಳಾಡುತ್ತಿದ್ದಳಂತೆ. ಈ ಅಭಾವವನ್ನು ನೀಗಿಸುವ ಕೀರ್ತಿ ನನಗಿರಲೆಂದು ಇಳಕಲ್ಲಿಗೆ ಹೋಗಿ ತಮ್ಮನ ಮಗ್ಗದ ಮುಂದೆ ಫೋನು ಹಿಡಿದು ಧ್ವನಿಮುದ್ರಿಸಿಕೊಂಡು ಬಂದೆ. ಮಧ್ಯಾಹ್ನ ಅದನ್ನು ಹಚ್ಚಿದೆ. ಸಹನಾಳ ರೆಪ್ಪೆಗಳು ಕೂಡುತ್ತ ಬಂದವು, ಇನ್ನೇನು ನಿದ್ದೆ ಹತ್ತಬೇಕು, ಅಷ್ಟರಲ್ಲಿ ಫೋನಿನೊಳಗಿಂದ ನನ್ನ ತಮ್ಮ, “ಏ, ಎಳಿ ಹರೀತು ನೋಡಲೇ!” ಎಂದು ಯಾರಿಗೋ ಬೈದ. ಮರುದಿನವೂ ಅದೇ ಜಾಗದಲ್ಲಿ ಬೈದ. ತಾಯಿ ಮಗಳಿಬ್ಬರೂ ಆ ಬೈಗುಳ ಬರುವುದನ್ನೇ ಉಸಿರು ಹಿಡಿದು ಕಾಯ್ದು, ಬಂದೊಡನೆ ಬಿದ್ದು ಬಿದ್ದು ನಗುತ್ತಿದ್ದರು. ನಿದ್ದೆ ಬಾರದಿದ್ದರೂ ನಗುವಾದರೂ ಬಂತಲ್ಲ ಎಂದು ನಾನು ಸಮಾಧಾನ ತಂದುಕೊಂಡೆ. ಗಿರಿಜೆ ಮಗಳ ಕಾಲು ನೀವುತ್ತ ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಓದುತ್ತಿದ್ದಳು. ಕೆಲವೊಮ್ಮೆ ಸಹನಾಳೇ ಪುಸ್ತಕ ಕಸಿದುಕೊಂಡು ಪ್ರಶ್ನೆ ಕೇಳುತ್ತಿದ್ದಳು. ನಾಲ್ಕು ದಾರಿಗಳೂ ಮಗಳಿಗೆ ತಾಯಿಗಿಂತ ಚೆನ್ನಾಗಿ ಬಾಯಿಪಾಠವಾದವು.

ರಿಸ್ಕ್ ಮ್ಯಾನೇಜ್‌ಮೆಂಟಿನ ಪರೀಕ್ಷೆಯ ದಿನ ಬೆಳಗಿನ ಚಹಾದ ಹೊತ್ತಿಗೆ ಸಹನಾಳಿಗೆ ನೋವು ಶುರುವಾಯಿತು. ಆಸ್ಪತ್ರೆಗೆ ಹೋದೆವು. ವೈದ್ಯೆ ನೋಡಿ, ಇನ್ನೂ ಬಹಳ ಹೊತ್ತು ಹಿಡಿಯುತ್ತದೆ, ಸಂಜೆಯಾದೀತು ಎಂದರು. ಗಿರಿಜೆ ಪರೀಕ್ಷೆಯ ಮಾತನ್ನೇ ಎತ್ತಲಿಲ್ಲ. ಬರುವ ವರ್ಷ ಬರೆದರಾಯಿತೆಂದು ಕುರ್ಚಿ ಎಳೆದುಕೊಂಡು ಕೂತಳು. ಎತ್ತಿದವಳು ಸಹನಾ. ಒಂದು ನೋವು ಇಳಿದು ಇನ್ನೊಂದು ಏರುವ ನಡುವಿನ ಬಿಡುವಿನಲ್ಲಿ, “ಅವ್ವಾ, ನೀ ಇಲ್ಲಿ ಮಾಡೂದು ಏನ ಉಳದೈತಿ? ಡಾಕ್ಟರ್ ಅದಾರ, ಸಿಸ್ಟರ್ ಅದಾರ, ಅಪ್ಪ ಅದಾನ” ಎಂದಳು. ಆ ಕೊನೆಯ ಹೆಸರು ಕೇಳಿ ಗಿರಿಜೆಯ ಆತಂಕ ಇಮ್ಮಡಿಯಾದದ್ದು ನನಗೆ ಸ್ಪಷ್ಟವಾಗಿ ಕಂಡಿತು. “ನೀ ಇಲ್ಲೇ ಕುಂತ್ರ ನನ್ನ ಮಾರಿ ನೋಡಿ ನೀ ಅಳ್ತಿ, ನಿನ್ನ ಮಾರಿ ನೋಡಿ ನಾ ಅಳ್ತೇನಿ. ಹೋಗಿ ಬರದು ಬಾ. ನಾ ಎಲ್ಲೂ ಓಡಿ ಹೋಗೂದಿಲ್ಲ” ಎಂದು ಮಗಳು ತಾಯಿಯ ಕೈ ಬಿಡಿಸಿಕೊಂಡಳು. ಗಿರಿಜೆ ಎದ್ದಳು, ಕೂತಳು, ಮತ್ತೆ ಎದ್ದಳು. ಬಾಗಿಲ ಹೊರಗೆ ಬಂದು, ಪರೀಕ್ಷೆಯ ಕೋಣೆಗೆ ಒಯ್ಯಲು ಬಿಡುವುದಿಲ್ಲವೆಂದು ತನ್ನ ಫೋನನ್ನು ನನ್ನ ಕೈಗೆ ಕೊಟ್ಟು ಹೋದಳು.

ಆಕೆ ಹೋಗಿ ಬಹಳ ಹೊತ್ತಾಗಿರಲಿಲ್ಲ. ಒಳಗೆ ಓಡಾಟ ಜೋರಾಯಿತು. ವೈದ್ಯೆ ಹೊರಗೆ ಬಂದರು. ಒತ್ತಡ ಏರುತ್ತಿದೆ, ಕೂಸಿಗೂ ಆಯಾಸವಾಗುತ್ತಿದೆ, ಕಾಯಬಾರದು, ಆಪರೇಷನ್ ಮಾಡಬೇಕು, ಈಗಲೇ ಎಂದರು. ನನ್ನ ಅಳಿಯ ಸರಕಾರಿ ಬಸ್ಸಿನ ಚಾಲಕ. ಬೆಳಿಗ್ಗೆ ಸುದ್ದಿ ತಿಳಿಸುವ ಮೊದಲೇ ಬಸ್ಸು ಹತ್ತಿ ಹೋಗಿದ್ದ, ಚಕ್ರ ಹಿಡಿದಾಗ ಫೋನು ಎತ್ತುವವನಲ್ಲ. ಅವನ ಈ ಶಿಸ್ತನ್ನು ನಾಲ್ಕು ಜನರೆದುರು ಹಾಡಿ ಹೊಗಳಿದವನು ನಾನೇ. ಆ ದಿನ ಅವನಿಗೆ ಮೇಲಿಂದ ಮೇಲೆ ಫೋನು ಹಚ್ಚುತ್ತ ಆ ಹೊಗಳಿಕೆಯನ್ನೆಲ್ಲ ಹಿಂದೆ ತೆಗೆದುಕೊಂಡೆ. ಆಮೇಲೆ ಗಡಿಬಿಡಿಯಲ್ಲಿ ಗಿರಿಜೆಗೆ ಹಚ್ಚಿದೆ. ನನ್ನ ಅಂಗಿಯ ಕಿಸೆಯಲ್ಲಿಯೇ ಆಕೆಯ ಫೋನು ರಿಂಗಾಗತೊಡಗಿತು.

ಸಿಸ್ಟರ್ ಒಪ್ಪಿಗೆಯ ಕಾಗದ ತಂದಳು. ಆಗಬಹುದಾದ ಕೆಡುಕುಗಳನ್ನೆಲ್ಲ ಅದರಲ್ಲಿ ಒಂದರ ಕೆಳಗೊಂದು ಅಚ್ಚು ಹಾಕಿದ್ದರು. ಜೀವಮಾನವಿಡೀ ನಾನು ಮನಸ್ಸಿನಲ್ಲಿ ಬರೆದುಕೊಂಡು ಬಂದ ಸಾಹಿತ್ಯಪ್ರಕಾರ ಅದು. ಆದರೆ ಇಲ್ಲಿ ಅದರ ಮೇಲ್ಗಡೆ ನನ್ನ ಮಗಳ ಹೆಸರಿತ್ತು. ಕನ್ನಡಕ ಹಾಕಿಕೊಂಡೆ. ಮೊದಲ ಸಾಲು ಓದಿದೆ, ಎರಡನೆಯದರಲ್ಲಿ ಅಕ್ಷರಗಳು ಕೂಡಲಿಲ್ಲ, ಮತ್ತೆ ಮೊದಲಿನಿಂದ ಓದಿದೆ. ಅಷ್ಟರಲ್ಲಿ ಸಹನಾಳನ್ನು ಗಾಲಿಯ ಮಂಚದ ಮೇಲೆ ಹೊರಗೆ ತಂದರು. ಆಕೆಯ ಮುಖ ಊದಿಕೊಂಡಿತ್ತು, ಹಣೆಗೆ ಕೂದಲು ಅಂಟಿತ್ತು. ಅದೇ ಕಾಗದದಲ್ಲಿ ತನ್ನ ಸಹಿಯನ್ನು ಆಕೆ ಮೊದಲೇ ಹಾಕಿಕೊಟ್ಟಿದ್ದಳು, ಶಾಲೆಯ ಕಾಪಿಪುಸ್ತಕದಲ್ಲಿ ಬರೆಯುತ್ತಿದ್ದ ಅದೇ ದುಂಡನೆಯ ಅಕ್ಷರದಲ್ಲಿ. ನನ್ನ ಕೈಯಲ್ಲಿನ ಕಾಗದವನ್ನೂ ಕನ್ನಡಕವನ್ನೂ ನೋಡಿದೊಡನೆ ಆಕೆಗೆ ಎಲ್ಲ ತಿಳಿಯಿತು.

“ಅಪ್ಪಾ, ಓದಬ್ಯಾಡ. ಸಹಿ ಮಾಡು.”

ಓದದೆ ಸಹಿ ಮಾಡಿದೆ. ತಪ್ಪಿಸಲು ದಾರಿಯಿರಲಿಲ್ಲ, ತಗ್ಗಿಸುವುದನ್ನೆಲ್ಲ ಗಿರಿಜೆ ತಗ್ಗಿಸಿಯಾಗಿತ್ತು, ನಾವು ಆ ಬಾಗಿಲಿಗೆ ಅಷ್ಟು ಹತ್ತಿರವಿದ್ದದ್ದೇ ಅದರಿಂದ, ದಾಟಿಸೋಣವೆಂದರೆ ಆ ಉದ್ದನೆಯ ಪಡಸಾಲೆಯಲ್ಲಿ ನನ್ನ ಹೊರತು ಇನ್ನೊಂದು ಹೆಗಲಿರಲಿಲ್ಲ. ಪುಸ್ತಕ ಮುಚ್ಚಿ ಮುಚ್ಚಿ ಮುಂದೂಡಿದ ಅಧ್ಯಾಯವನ್ನು ಹೀಗೆ ನಿಂತ ಕಾಲಮೇಲೆ ಓದಬೇಕಾಯಿತು. ಓದುಗರೇ, ಇದನ್ನು ನಾನು ಸೋಲೆಂದು ತಿಳಿದಿದ್ದೆ ಎಂದು ಆಗಲೇ ಹೇಳಿದೆನಲ್ಲ. ಪೆನ್ನು ತಿರುಗಿ ಕೊಟ್ಟಾಗ ನನಗೆ ಸೋತಂತೆ ಅನಿಸಲಿಲ್ಲ. ಹೆದರಿಕೆ ಹೋಗಲಿಲ್ಲ, ಮೊದಲಿಗಿಂತ ಹೆಚ್ಚೇ ಆಗಿತ್ತು. ಆದರೆ ಇಷ್ಟು ದಿನ ಹತ್ತು ಕಡೆ ಹರಿದು ಹಂಚಿಹೋಗಿದ್ದ ಅದು ಈಗ ಒಂದೇ ಕಡೆ ಬಂದು ನಿಂತಿತ್ತು. ಮಂಚ ಒಳಗೆ ಹೋಗುವಾಗ ಸಹನಾ ಕೈ ಚಾಚಿದಳು. ನಾನು ಹಿಡಿದೆ, ಬಾಗಿಲು ಬಂತು, ಬಿಟ್ಟೆ.

ಆಮೇಲೆ ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ಕೆಡುಕುಗಳನ್ನು ಕಲ್ಪಿಸಿಕೊಳ್ಳುವುದರಲ್ಲಿ ಎಂದೂ ಕೈಕೊಡದ ನನ್ನ ತಲೆ ಆ ಹೊತ್ತಿನಲ್ಲಿ ಪೂರ್ತಿ ಬರಿದಾಗಿತ್ತು. ಎದುರಿನ ಗೋಡೆಗೆ ಹಚ್ಚಿದ್ದ ಲಸಿಕೆಯ ಚಿತ್ರದಲ್ಲಿನ ದುಂಡು ಮುಖದ ಕೂಸನ್ನು ನೋಡುತ್ತ ನಿಂತಿದ್ದೆ, ಅಷ್ಟೇ.

ಬಾಗಿಲು ತೆರೆಯಿತು. ಸಿಸ್ಟರ್ ಬಿಳಿಯ ಬಟ್ಟೆಯ ಗಂಟೊಂದನ್ನು ಹಿಡಿದು ಬಂದಳು. “ಹೆಣ್ಣುಕೂಸ್ರಿ. ಕೈ ಹಿಡೀರಿ ಅಜ್ಜಾರ” ಎಂದಳು.

“ನನ್ನ ಮಗಳು ಹೆಂಗದಾಳ್ರಿ?”

“ಛಲೋ ಅದಾಳ್ರಿ, ಹೊಲಿಗಿ ಹಾಕಾಕತ್ತಾರ. ಅಮ್ಮಾರ ಪೇಪರ್ ಹೆಂಗಾತಂತ ಕೇಳಾಕತ್ತಿದ್ಲು. ಹಿಡೀರಿ, ನನಗ ಒಳಗ ಕೆಲಸ ಐತಿ.”

ನಾನು ಹಿಂದೆ ತಿರುಗಿ ನೋಡಿದೆ. ಕೂಸನ್ನು ಇಸಿದುಕೊಳ್ಳಲು ಇಂಥ ಹೊತ್ತಿನಲ್ಲಿ ಹಿಂದೆ ಯಾರಾದರೊಬ್ಬ ಹೆಂಗಸು ಇದ್ದೇ ಇರುತ್ತಾಳೆಂಬುದು ನಮ್ಮಂಥ ಗಂಡಸರ ಗಾಢವಾದ ನಂಬಿಕೆ. ಸಹನಾ ಹುಟ್ಟಿದ್ದು ಗಿರಿಜೆಯ ತವರಿನಲ್ಲಿ. ನಾನು ನೋಡಲು ಹೋದಾಗ ಆಕೆ ಆಗಲೇ ತೊಟ್ಟಿಲಿನಲ್ಲಿದ್ದಳು, ಕುತ್ತಿಗೆ ಗಟ್ಟಿಯಾಗುವವರೆಗೂ ನಾನು ಎತ್ತಿಕೊಳ್ಳುವ ಧೈರ್ಯ ಮಾಡಿರಲಿಲ್ಲ. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಸಿಸ್ಟರ್ ನನ್ನ ಎಡಗೈಯನ್ನು ತಾನೇ ಹಿಡಿದು ಮಡಿಸಿ, “ಹಿಂಗ್ರಿ, ಕುತ್ತಿಗಿ ಕೆಳಗ ಕೈ ಇರಲಿ, ಅಷ್ಟ” ಎಂದು ಗಂಟನ್ನು ಇಟ್ಟುಬಿಟ್ಟಳು. ಬಾಗಿಲು ಮುಚ್ಚಿತು. ಕೂಸು ಒಂದು ಕಣ್ಣನ್ನು ಅರ್ಧ ತೆರೆದು ನನ್ನನ್ನು ನೋಡಿ, ಹೆಚ್ಚಿನ ವಿಚಾರಣೆ ಬೇಡವೆಂಬಂತೆ ಮತ್ತೆ ಮುಚ್ಚಿಕೊಂಡಿತು. ಅದು ಬೆಚ್ಚಗಿತ್ತು. ನನಗೆ ತುಂಬಾ ಸಂತೋಷವಾಯಿತು. ಇದಕ್ಕಿಂತ ದೊಡ್ಡ ಶಬ್ದ ಹುಡುಕಿದರೂ ಸಿಗಲಿಲ್ಲ.

ಗಿರಿಜೆ ಬಂದದ್ದು ಓಡುತ್ತಲೇ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿದ್ದಳು, ಕೈಯಲ್ಲಿ ಹಾಲ್‌ಟಿಕೆಟ್ಟು ಮುದುಡಿಹೋಗಿತ್ತು, ಬೆರಳಿಗೆ ಮಸಿ. ದೂರದಿಂದಲೇ ನನ್ನ ಕೈಯಲ್ಲಿ ಇರುವುದನ್ನು ಕಂಡು ಪಡಸಾಲೆಯ ನಡುವೆ ನಿಂತುಬಿಟ್ಟಳು. “ಸಹನಾ?” ಎಂದಳು. ಚೆನ್ನಾಗಿದ್ದಾಳೆ, ಆಪರೇಷನ್ ಆಯಿತು, ನಿನ್ನ ಪೇಪರಿನ ಬಗ್ಗೆ ಕೇಳಿದಳು ಎಂದೆ. ಆಕೆ ಅಲ್ಲಿಯೇ ಗೋಡೆಗೆ ಒರಗಿ ಕುಕ್ಕರಿಸಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಬೆಳಗಿನಿಂದ ತಡೆದುಕೊಂಡದ್ದನ್ನೆಲ್ಲ ಅತ್ತಳು. ನಾನು ಆಕೆಯ ಹತ್ತಿರ ಹೋಗಿ ನಿಂತೆ. ಕೈಗಳೆರಡೂ ಕೆಲಸದಲ್ಲಿದ್ದುದರಿಂದ ಬೆನ್ನು ಸವರಲು ಆಗಲಿಲ್ಲ. ಕೊನೆಗೆ ಕಣ್ಣೊರೆಸಿಕೊಂಡು, ಎದ್ದು, ಅಧಿಕಾರದಿಂದ ಎರಡೂ ಕೈ ಮುಂದೆ ಚಾಚಿದಳು.

“ಕೊಡ್ರಿ ಇತ್ತ.”

“ತಡಿ. ಓಡಿ ಬಂದಿ, ಕೈ ನಡಗಾಕತ್ತಾವ ನಿನ್ನವು. ಮೊದಲ ಸ್ವಲ್ಪ ಕೂಡು” ಎಂದೆ.

ಗಿರಿಜೆ ತನ್ನ ಕೈಗಳನ್ನು ನೋಡಿಕೊಂಡಳು. ಆಮೇಲೆ ನನ್ನವುಗಳನ್ನು ಬಹಳ ಹೊತ್ತು ನೋಡಿದಳು. ಅವು ನಡುಗುತ್ತಿರಲಿಲ್ಲ. ಆಕೆ ಬೆಂಚಿನ ಮೇಲೆ ಕೂತು, ನಾನು ಕೊಡುವವರೆಗೆ ಕಾಯ್ದಳು.